ಬದುಕಿನ ಹಾದಿ: ಚಿತ್ರವೂ ಚರಿತ್ರೆಯೂ

ಈ ಹೊತ್ತಿನ ಮಾತನ್ನು ನನ್ನದೊಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ದಿನಗಳಲ್ಲಿ, ಗುರುಶಿಷ್ಯರ ವಿಷಯ ಬಂದಾಗಲೆಲ್ಲ ನಾನು ‘ರೋಡ್ ಟು ಲೈಫ್’ ಎಂಬ ರಷ್ಯನ್ ಚಿತ್ರದ ಕಥೆ ಹೇಳುತ್ತಿದ್ದೆ. ಅದು ಅಂತೋನ್ ಮಕಾರೆಂಕೊ ಬರೆದ ಪುಸ್ತಕದ ಚಿತ್ರರೂಪವೆಂದೂ ಸೇರಿಸುತ್ತಿದ್ದೆ. ಚಿತ್ರವನ್ನು ವಿದ್ಯಾರ್ಥಿದೆಸೆಯಲ್ಲಿ ಒಂದು ಚಿತ್ರಸಮಾಜದ ಪ್ರದರ್ಶನದಲ್ಲಿ ಕಂಡಿದ್ದೆ. ಪುಸ್ತಕವನ್ನು ಸೋವಿಯತ್ ಪುಸ್ತಕಗಳ ಮಾರಾಟದಲ್ಲಿ ಅಗ್ಗವಾಗಿ ಕೊಂಡಿದ್ದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು. ಹೆಸರೊಂದೇ ಆದರೆ ವಸ್ತುವೂ ಒಂದೇ ಎಂದು ನಂಬಿದೆ. ನಿವೃತ್ತನಾದ ಮೇಲೆ, ಕಪಾಟಿನ ಧೂಳು ಹೊಡೆಯುವಾಗ ಇಸವಿಗಳನ್ನು ಗಮನಿಸಿದೆ. ಚಿತ್ರ ತೆರೆಗೆ ಬಂದದ್ದು 1931ರಲ್ಲಿ. ಪುಸ್ತಕ ಮೂರು ಭಾಗಗಳಾಗಿ ಹೊರಬಿದ್ದದ್ದು 1933ರಿಂದ 1935ರವರೆಗೆ. ಅಂದರೆ ಇಷ್ಟು ವರ್ಷ ನಾನು ಮಗನ ಹೊಟ್ಟೆಯಲ್ಲಿ ತಂದೆಯನ್ನು ಹುಟ್ಟಿಸಿದ್ದೆ! ರಷ್ಯನ್ ಭಾಷೆಯಲ್ಲಿ ಪುಸ್ತಕದ ಹೆಸರೇ ಬೇರೆ: ‘ಶಿಕ್ಷಣ ಕಾವ್ಯ’. ಅದು ಚಿತ್ರವಾದದ್ದು ಕೀವ್ ನಗರದಲ್ಲಿ, 1955ರಷ್ಟು ತಡವಾಗಿ.

ಆದರೆ ಎರಡರ ಹಿನ್ನೆಲೆಯೂ ಒಂದೇ. 1914ರ ಮಹಾಯುದ್ಧ, 1917ರ ಕ್ರಾಂತಿ, ಅದರ ಬೆನ್ನಿಗೇ ಅಂತರ್ಯುದ್ಧ, 1921–22ರ ಘೋರ ಕ್ಷಾಮ, ಇವುಗಳ ಬಾಯಿಗೆ ಸಿಕ್ಕು ಲಕ್ಷಗಟ್ಟಲೆ ಮಕ್ಕಳು ತಬ್ಬಲಿಗಳಾಗಿ ರೈಲುನಿಲ್ದಾಣಗಳಲ್ಲಿ, ಡಾಂಬರು ಕಾಯಿಸುವ ಕಡಾಯಿಗಳ ಬಿಸಿಯ ಮಗ್ಗುಲಲ್ಲಿ ಮಲಗುತ್ತಿದ್ದರು. ಕದಿಯುವುದು ಅವರಿಗೆ ಹೊಟ್ಟೆಪಾಡು.

ಚಿತ್ರವನ್ನು ನಿರ್ದೇಶಿಸಿದವನು ನಿಕೊಲಾಯ್ ಎಕ್. ಸೋವಿಯತ್ ದೇಶದ ಮೊತ್ತಮೊದಲ ವಾಕ್ಚಿತ್ರಗಳಲ್ಲಿ ಅದೂ ಒಂದು. 1932ರ ಪ್ರಪ್ರಥಮ ವೆನಿಸ್ ಉತ್ಸವದಲ್ಲಿ ಪ್ರೇಕ್ಷಕರು ಅವನನ್ನು ಉತ್ತಮ ನಿರ್ದೇಶಕನೆಂದು ಆರಿಸಿದರು. ಸೆರ್ಗೆಯೇವ್ ಎಂಬ ಮುಖ್ಯಸ್ಥ ಬೀದಿಹುಡುಗರನ್ನು ಕಾವಲುಗಾರರಿಲ್ಲದೆ ಒಂದು ಹಳೆಯ ಮಠಕ್ಕೆ ಕರೆದೊಯ್ಯುತ್ತಾನೆ. ದಾರಿಯ ಊಟದ ಸಾಮಾನಿಗೆಂದು ಮುಸ್ತಫಾ ಎಂಬ ಪಳಗಿದ ಜೇಬುಗಳ್ಳನ ಕೈಗೇ ಹಣ ಕೊಡುತ್ತಾನೆ. ಹುಡುಗ ಹಿಂತಿರುಗುವನೇ ಎಂಬ ಕಾತರವನ್ನು ಎಕ್ ಚೆನ್ನಾಗಿಯೇ ಬೆಳೆಸಿದ್ದಾನೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಆ ದೃಶ್ಯವಲ್ಲ. ವಸಂತದಲ್ಲಿ ಹಿಮ ಕರಗಿ ಪ್ರವಾಹ ಬರುತ್ತದೆ; ಮಠ ನಡುಗಡ್ಡೆಯಾಗುತ್ತದೆ; ಕಾರ್ಯಾಗಾರಕ್ಕೆ ಸಾಮಗ್ರಿ ಬರುವುದು ನಿಲ್ಲುತ್ತದೆ. ಮುಖ್ಯಸ್ಥ ಊರಲ್ಲಿಲ್ಲ. ಕೈಗೆ ಕೆಲಸವಿಲ್ಲದ ಹುಡುಗರು ತಾವೇ ಕಟ್ಟಿದ ಕಾರ್ಯಾಗಾರವನ್ನು ತಾವೇ ಒಡೆಯುತ್ತಾರೆ. ಇದನ್ನು ಬರೆದವನಿಗೆ ಹುಡುಗರ ಸ್ವಭಾವ ಗೊತ್ತಿತ್ತು. ಮರಳಿ ಬಂದ ಸೆರ್ಗೆಯೇವ್ ಒಂದು ಆಟಿಕೆಯ ರೈಲನ್ನು ತೋರಿಸಿ, ನಿಜವಾದ ರೈಲುಹಾದಿಯನ್ನೇ ಹಾಕೋಣ ಎನ್ನುತ್ತಾನೆ. ಹಾದಿ ಮುಗಿದ ರಾತ್ರಿ ಹಳೆಯ ಕಳ್ಳರ ನಾಯಕ ಮುಸ್ತಫಾನನ್ನು ಕೊಲ್ಲುತ್ತಾನೆ. ಮೊದಲ ರೈಲು ನಿಲ್ದಾಣಕ್ಕೆ ಬರುವುದು ಅವನ ಶವವನ್ನು ಮುಂಭಾಗದಲ್ಲಿ ಹೊತ್ತು, ವಾದ್ಯ ನಿಲ್ಲುತ್ತದೆ.

ಮಕಾರೆಂಕೊ ಇಂಥ ನಗುಮೊಗದ ನಾಯಕನಲ್ಲ. ರೈಲ್ವೆ ಕಾರ್ಖಾನೆಯ ಬಣ್ಣ ಬಳಿಯುವವನ ಮಗನಾಗಿ 1888ರಲ್ಲಿ ಉಕ್ರೇನಿನಲ್ಲಿ ಹುಟ್ಟಿ, ಶಾಲಾಮಾಸ್ತರನಾಗಿ, 1920ರಲ್ಲಿ ಪೊಲ್ಟಾವಾ ಬಳಿಯ ಒಂದು ಪಾಳುಸಂಸ್ಥೆಯ ಹೊಣೆ ಹೊತ್ತ. ಡಿಸೆಂಬರಿನಲ್ಲಿ ಮೊದಲ ಆರು ಹುಡುಗರು ಬಂದರು. ಅವರು ಓದಲಿಲ್ಲ, ಸೌದೆ ಸೀಳಲಿಲ್ಲ. ರಾತ್ರಿ ದಾರಿಹೋಕರನ್ನು ದೋಚಿದರು. ಈತ ಹಗಲೆಲ್ಲ ಉಪದೇಶಿಸುತ್ತಿದ್ದ, ರಾತ್ರಿಯೆಲ್ಲ ಶಿಕ್ಷಣಶಾಸ್ತ್ರದ ಗ್ರಂಥಗಳನ್ನು ತಿರುವುತ್ತಿದ್ದ, ಉತ್ತರ ಸಿಗಲಿಲ್ಲ. ಒಂದು ದಿನ, ಅಡುಗೆಮನೆಗೆ ಸೌದೆ ಸೀಳು ಎಂದಾಗ ಜಾದೊರೋವ್ ಎಂಬವನು ಏಕವಚನದಲ್ಲಿ ತಿರುಗಿ ಉತ್ತರ ಕೊಟ್ಟ. (ರಷ್ಯನ್ನಿನಲ್ಲಿಯೂ ನಮ್ಮಂತೆಯೇ ನೀನು–ನೀವುಗಳ ಭೇದ ಉಂಟು, ಈ ಪೆಟ್ಟು ಇಂಗ್ಲಿಷಿಗಿಂತ ಕನ್ನಡದ ಓದುಗರಿಗೆ ಬೇಗ ತಾಗುತ್ತದೆ.) ಮಕಾರೆಂಕೊ ಅವನ ಕೆನ್ನೆಗೆ ಹೊಡೆದ, ಮತ್ತೆ ಮತ್ತೆ ಹೊಡೆದ. ಹುಡುಗ ಇವನಿಗಿಂತ ಬಲಶಾಲಿ. ಆ ಬಳಿಕ ಎಲ್ಲರ ಕೈಗೂ ಕೊಡಲಿ ಕೊಟ್ಟು, ತಾನೂ ಅವರೊಡನೆ ಕಾಡಿಗೆ ಸೌದೆಗೆ ಹೊರಟ. ತಿರುಗಿಬಿದ್ದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹೊಡೆತವನ್ನು ಆತ ಮುಚ್ಚಿಡಲಿಲ್ಲ, ಅದೊಂದು ವಿಧಾನವೆಂದು ಮೆರೆಸಲೂ ಇಲ್ಲ. ತನ್ನ ಸೋಲೆಂದೇ ಬರೆದ. ನಾನೂ ಅದನ್ನು ಸಮರ್ಥಿಸಲಾರೆ. ಆದರೂ ಅದನ್ನು ಓದುವಾಗ ನನಗೆ ನೆಮ್ಮದಿಯಿಲ್ಲ, ಕಾರಣ ಹೇಳಿಬಿಡುತ್ತೇನೆ. ಒಂದು ವರ್ಷ ಪ್ರಭಾರ ಪ್ರಾಂಶುಪಾಲನಾಗಿದ್ದಾಗ, ಗಲಭೆ ಎಬ್ಬಿಸುತ್ತಿದ್ದ ಹುಡುಗನೊಬ್ಬನ ಮೇಲೆ ನಾನು ಕೈಯೆತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅವನ ತಂದೆಯನ್ನು ಕರೆಸಿ, ಬಹುವಚನದಲ್ಲಿಯೇ ಮಾತಾಡಿ, ವರ್ಗಾವಣೆ ಪತ್ರಕ್ಕೆ ರುಜು ಹಾಕಿಕೊಟ್ಟೆ. ಕಾಲೇಜು ಶಾಂತವಾಯಿತು. ಸಹೋದ್ಯೋಗಿಗಳು ಮೆಚ್ಚಿದರು. ಆ ತಂದೆ ಪತ್ರವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, ನನಗೆ ನಮಸ್ಕರಿಸಿ ಹೋದ. ಮಕಾರೆಂಕೊ ಹೊಡೆದ ಹುಡುಗ ಅವನ ಬಳಿಯೇ ಉಳಿದ; ನಾನು ಹೊಡೆಯದ ಹುಡುಗ ಎಲ್ಲಿಗೆ ಹೋದನೋ ತಿಳಿಯದು.

ಮುಂದಿನ ಚರಿತ್ರೆಯನ್ನು ಬೇಗ ಹೇಳುತ್ತೇನೆ. ಸಂಸ್ಥೆಗೆ ಗೋರ್ಕಿಯ ಹೆಸರು ಬಂತು. 1926ರಲ್ಲಿ ಅದು ಖಾರ್ಕೊವ್ ಬಳಿಯ ಕುರ್ಯಾಜ್ ಮಠಕ್ಕೆ ವರ್ಗವಾಯಿತು. 1928ರಲ್ಲಿ ಸ್ವತಃ ಗೋರ್ಕಿ ಬಂದು ಉಳಿದು ಹೋದ. ಅದೇ ವರ್ಷ, ದಳ, ದಳಪತಿ, ಕಹಳೆಗಳ ಶಿಸ್ತು ಹಿಡಿಸದ ಶಿಕ್ಷಣಾಧಿಕಾರಿಗಳ ಟೀಕೆ ತಾಳದೆ ಮಕಾರೆಂಕೊ ಆ ಸ್ಥಾನ ಬಿಟ್ಟ. ಅವನು ಆಮೇಲೆ ನಡೆಸಿದ ಜೆರ್ಜಿನ್‌ಸ್ಕಿ ಕಮ್ಯೂನಿನ ಮಕ್ಕಳು ವಿದ್ಯುತ್ ಬೈರಿಗೆಗಳನ್ನೂ ‘ಫೆಡ್’ ಕ್ಯಾಮೆರಾಗಳನ್ನೂ ತಯಾರಿಸಿದರು. 1939ರ ಏಪ್ರಿಲ್ 1ರಂದು ರೈಲಿನಲ್ಲಿ ಅವನ ಪ್ರಾಣ ಹೋಯಿತು.

ಚಿತ್ರದ ಹಿಂದಿದ್ದವರ ಗತಿ ಇದಕ್ಕಿಂತ ಕಠಿನ. ಎಕ್ ಕಣ್ಣಮುಂದೆ ಇಟ್ಟುಕೊಂಡಿದ್ದ ಸಂಸ್ಥೆ ಮಾಸ್ಕೋ ಬಳಿಯ ಬೊಲ್ಶೆವೊ. ಅದನ್ನು ನಡೆಸುತ್ತಿದ್ದವರು ಗುಪ್ತ ಪೊಲೀಸಿನವರು. ಅದರ ಸ್ಥಾಪಕ ಪೊಗ್ರೆಬಿನ್‌ಸ್ಕಿ 1937ರಲ್ಲಿ ತನಗೆ ತಾನೇ ಗುಂಡು ಹೊಡೆದುಕೊಂಡ. ಮುಸ್ತಫಾನ ಪಾತ್ರ ಮಾಡಿದ ಇವಾನ್ ಕಿರ್ಲ್ಯಾ, ಮಾರಿ ಎಂಬ ಸಣ್ಣ ಜನಾಂಗದ ತರುಣ ಕವಿ. ಅದೇ 1937ರಲ್ಲಿ ಅವನನ್ನು ಬಂಧಿಸಿದರು. 1943ರಲ್ಲಿ ಶ್ರಮಶಿಬಿರದಲ್ಲಿ ತೀರಿಕೊಂಡ. ಬೀದಿಯ ಮಕ್ಕಳಿಗೆ ಬಾಗಿಲು ತೆರೆದ ಸರ್ಕಾರವೇ ಆ ಮಗುವಿನ ಪಾತ್ರ ತೊಟ್ಟವನನ್ನು ನುಂಗಿತು. ಚಿತ್ರದ ಕಥೆ ಹೇಳುತ್ತಿದ್ದಾಗ ನನಗೆ ಇದೂ ತಿಳಿದಿರಲಿಲ್ಲ.

ಮಕಾರೆಂಕೊನ ಪುಸ್ತಕದಲ್ಲಿ ಕರಬಾನೊವ್ ಎಂಬ ಹುಡುಗ ಬರುತ್ತಾನೆ. ಮೊದಲು ಐನೂರು ರೂಬಲ್, ಆಮೇಲೆ ಎರಡು ಸಾವಿರ ರೂಬಲ್ ತರಲು ಅವನನ್ನು ಒಬ್ಬನನ್ನೇ ಕುದುರೆಯ ಮೇಲೆ ಕಳುಹಿಸುತ್ತಾನೆ; ಹುಡುಗ ತಂದೊಪ್ಪಿಸುತ್ತಾನೆ. ಅವನ ನಿಜವಾದ ಹೆಸರು ಸೆಮ್ಯೋನ್ ಕಲಾಬಾಲಿನ್. ದೊಡ್ಡವನಾಗಿ ತಾನೂ ಇಂಥದೇ ಮಕ್ಕಳ ಸಂಸ್ಥೆಗೆ ಮುಖ್ಯಸ್ಥನಾದ. ಅಲ್ಲಿ ಬುದ್ಧಿ ಕೆಟ್ಟ ಹುಡುಗನೊಬ್ಬ ಅವನ ಮೂರು ವರ್ಷದ ಮಗನನ್ನು ಕೊಂದ. ಪುಸ್ತಕದ ಕೊನೆಯಲ್ಲಿ ಮಕಾರೆಂಕೊ ಇದನ್ನು ಕೆಲವೇ ಸಾಲುಗಳಲ್ಲಿ ಬರೆದು ಮುಗಿಸುತ್ತಾನೆ. ಕಲಾಬಾಲಿನ್ ಆ ಕೆಲಸ ಬಿಡಲಿಲ್ಲ. 1972ರಲ್ಲಿ ತೀರಿಕೊಂಡಾಗಲೂ ಅವನು ಮಾಸ್ಕೋ ಪ್ರಾಂತದ ಒಂದು ಅನಾಥಾಲಯದ ಮುಖ್ಯಸ್ಥನಾಗಿದ್ದ.