ಅಪ್ಪನ ಗೊರಕೆ ಮತ್ತು 4 ಗಂಟೆಯ ಪಾಸ್ ಮಾರ್ಕ್

1/8
ನಿಮ್ಮನೆಯಲ್ಲಿ ಗೊರಕೆ ಹೊಡೆಯುವವರು ಯಾರು? ಅಪ್ಪನಾ, ಅಜ್ಜನಾ, ಹಾಸ್ಟೆಲ್ ರೂಮ್‌ಮೇಟಾ?

ನಮ್ಮನೆಯಲ್ಲಿ ಅಪ್ಪ. ಗೊರಕೆ ಅಂದ್ರೆ ಸಾಮಾನ್ಯದ್ದಲ್ಲ ಮಾರಾಯ್ರೆ. ಯಕ್ಷಗಾನದಲ್ಲಿ ಚೆಂಡೆ ಬಾರಿಸಿ ಕುಂಭಕರ್ಣನನ್ನು ಎಬ್ಬಿಸ್ತಾರಲ್ಲ, ನಾವು ಅಪ್ಪನಿಗೆ ಅದೇ ಹೆಸರಿಟ್ಟು ನಗ್ತಾ ಇದ್ವಿ.

ನಗು ನಿಂತದ್ದು ಕಳೆದ ವರ್ಷ. ಅಪ್ಪಂದು ಗೂಡ್ಸ್ ಟೆಂಪೋ. ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾರ್ಕಳಕ್ಕೆ ಲೋಡ್ ತಗೊಂಡು ಹೋಗುವಾಗ, ಹಿರಿಯಡ್ಕ ದಾಟಿದ ಮೇಲೆ ಕಣ್ಣು ಮುಚ್ಚಿ ಹೋಯ್ತು. ಎರಡೇ ಸೆಕೆಂಡ್ ಇರಬೇಕು. ಟೆಂಪೋ ರಸ್ತೆ ಬಿಟ್ಟು ಚರಂಡಿ ಪಕ್ಕ ಇಳಿದು ನಿಂತಿತ್ತು. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಆ ದಿನ ಅಪ್ಪ ಮನೆಗೆ ಬಂದು ಊಟ ಮಾಡ್ಲಿಲ್ಲ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ವಯರ್ ಹಾಕಿ ಮಲಗಿಸಿದ್ರು. ರಿಪೋರ್ಟ್ ಬಂತು: ನಿದ್ದೆಯಲ್ಲಿ ಗಂಟೆಗೆ 42 ಸಲ ಉಸಿರಾಟಕ್ಕೆ ತಡೆ. 30 ದಾಟಿದ್ರೇ ತೀವ್ರ ಅಂತ ಲೆಕ್ಕ. ಕಾಯಿಲೆ ಹೆಸರು ಸ್ಲೀಪ್ ಆಪ್ನಿಯಾ. ಪರಿಹಾರ ಒಂದು ಚಿಕ್ಕ ಮೆಷಿನ್, ಒಂದು ಪೈಪ್, ಒಂದು ಮಾಸ್ಕ್. ಹೆಸರು ಸಿಪ್ಯಾಪ್.

ಈ ಮೆಷಿನ್ ಎಲ್ಲಿಂದ ಬಂತು? ಹಾಕಿದವರಿಗೆಲ್ಲ ಇದು ಯಾಕಿಷ್ಟು ಕಷ್ಟ? ಬಿಕಾಂ ಓದುವವನಿಗೆ ಇದೆಲ್ಲ ಎಂತಕ್ಕೆ ಅಂತ ಕೇಳ್ಬೇಡಿ. ಕೊನೆಗೆ ಇದು ಲೆಕ್ಕದ ಕಥೆಯೇ. ಬನ್ನಿ.

2/8
ಮೊದಲು 1953ಕ್ಕೆ ಹೋಗುವ. ಆ ವರ್ಷ ಡಾ. ಟಿ.ಎಂ.ಎ. ಪೈ ನಮ್ಮ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ್ರು. ಅದೇ ವರ್ಷ ಅಮೆರಿಕದ ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅನ್ನುವ ಇಬ್ಬರು, ನಿದ್ದೆಯಲ್ಲಿ ಕಣ್ಣುಗುಡ್ಡೆ ಜೋರಾಗಿ ಓಡಾಡುವ ಒಂದು ಹಂತ ಉಂಟು ಅಂತ ಪ್ರಕಟಿಸಿದ್ರು. ಅದೇ ರೆಮ್ ನಿದ್ದೆ. ಹೆಚ್ಚಿನ ಕನಸು ಬೀಳುವುದು ಅಲ್ಲೇ. ಈ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕು.

ಅಂದ್ರೆ ಕೆಎಂಸಿಯ ಮೊದಲ ಬ್ಯಾಚ್ ಕ್ಲಾಸಲ್ಲಿ ಕೂತಾಗ ಅಪ್ಪನ ಕಾಯಿಲೆಗೆ ಹೆಸರೇ ಇರಲಿಲ್ಲ.

1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಜೊತೆಯವರು ಒಬ್ಬ ರೋಗಿಯ ಬಗ್ಗೆ ಬರೆದರು. ತುಂಬಾ ದಪ್ಪದ ಬಿಸಿನೆಸ್‌ಮನ್. ಇಸ್ಪೀಟು ಆಡುವಾಗ ಕೈಗೆ ಮೂರು ಎಕ್ಕ, ಎರಡು ರಾಜ ಬಂದಿತ್ತು. ಗೆಲ್ಲುವ ಎಲೆ! ಆದ್ರೆ ಆತ ಹಾಗೇ ನಿದ್ದೆಗೆ ಜಾರಿ ಆಟ ಬಿಟ್ಟ. ಡಿಕನ್ಸ್ ಕಾದಂಬರಿಯ ನಿದ್ದೆಬುರುಕ ಹುಡುಗನ ನೆನಪಲ್ಲಿ ಇದಕ್ಕೆ ಪಿಕ್‌ವಿಕಿಯನ್ ಸಿಂಡ್ರೋಮ್ ಅಂದ್ರು. ತೂಕದ ಮೇಲೆ ಕಣ್ಣು ಹೋಯ್ತು, ರಾತ್ರಿ ಗಂಟಲಲ್ಲಿ ಆಗುವುದರ ಮೇಲೆ ಹೋಗ್ಲಿಲ್ಲ.

3/8
ರಾತ್ರಿ ಇಡೀ ಕೂತು ನೋಡಿದವರು ಯುರೋಪಿನವರು. 1965ರಲ್ಲಿ ಫ್ರಾನ್ಸಿನ ಗಾಸ್ಟೋ ತಂಡ, ಹಾಗೆಯೇ ಜರ್ಮನಿಯ ಯುಂಗ್ ಮತ್ತು ಕುಲೋ, ಇಂಥವರ ಉಸಿರು ನಿದ್ದೆಯಲ್ಲಿ ಮತ್ತೆ ಮತ್ತೆ ನಿಲ್ಲುವುದನ್ನು ದಾಖಲು ಮಾಡಿದ್ರು.

ಆಗುವುದು ಇಷ್ಟು. ನಿದ್ದೆ ಬಂದಾಗ ಗಂಟಲಿನ ಸ್ನಾಯು ಸಡಿಲ ಆಗ್ತದೆ. ಕೆಲವರಲ್ಲಿ ದಾರಿ ಪೂರ್ತಿ ಮುಚ್ಚಿ ಹೋಗ್ತದೆ. ಎದೆ ಎಳೆಯುತ್ತದೆ, ಗಾಳಿ ಒಳಗೆ ಹೋಗುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಒದ್ದು ಎಬ್ಬಿಸ್ತದೆ. 'ಘರ್' ಅಂತ ಒಂದು ಉಸಿರು, ಮತ್ತೆ ನಿದ್ದೆ, ಮತ್ತೆ ಬಂದ್. ಮಲಗಿದವರಿಗೆ ಎದ್ದದ್ದೇ ನೆನಪಿರುದಿಲ್ಲ. 'ನಾನು ಎಂಟು ಗಂಟೆ ಮಲಗಿದ್ದೇನಲ್ಲ' ಅಂತಲೇ ಹೇಳ್ತಾರೆ.

1976ರಲ್ಲಿ ಸ್ಟ್ಯಾನ್‌ಫರ್ಡ್‌ನ ಗಿಲ್ಲೆಮಿನೋ ಮತ್ತು ಜೊತೆಯವರು ಸ್ಲೀಪ್ ಆಪ್ನಿಯಾ ಸಿಂಡ್ರೋಮ್ ಅಂತ ಹೆಸರಿಟ್ರು. ಹೆಸರು ಸಿಕ್ಕಿತು, ಚಿಕಿತ್ಸೆ? ತೀವ್ರ ಇದ್ದವರಿಗೆ ಟ್ರೇಕಿಯಾಸ್ಟಮಿ. ಅಂದ್ರೆ ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಇಡುವುದು. ಕೆಲಸ ಮಾಡ್ತಿತ್ತು, ಸುಳ್ಳಲ್ಲ. ಆದ್ರೆ ಜೀವನವಿಡೀ ಕುತ್ತಿಗೆಯಲ್ಲಿ ತೂತು ಇಟ್ಟುಕೊಂಡು ಬದುಕ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ?

4/8
ಈಗ ಹೀರೋ ಎಂಟ್ರಿ. ಕಾಲಿನ್ ಸಲಿವನ್, ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ. ಗಂಟಲು ಸಡಿಲ ಪೈಪಿನ ಹಾಗೆ ಮುಚ್ಚಿಕೊಳ್ಳುವುದಾದ್ರೆ, ಮೂಗಿನಿಂದ ಒಳಗೆ ಸಣ್ಣ ಒತ್ತಡದಲ್ಲಿ ಗಾಳಿ ಕೊಡ್ತಾ ಇದ್ರೆ ಅದು ತೆರೆದೇ ಇರಬೇಕಲ್ಲ ಅಂತ ಯೋಚಿಸಿದ. ವ್ಯಾಕ್ಯೂಮ್ ಕ್ಲೀನರ್ ಮೋಟರ್ ತಗೊಂಡು, ಎಳೆಯುವ ಬದಲು ಊದುವ ಹಾಗೆ ಮಾಡಿದ.

1980ರ ಜೂನ್. ಕುತ್ತಿಗೆ ಆಪರೇಷನ್ ಬೇಡ ಅಂದ ಒಬ್ಬ ರೋಗಿ ಇದಕ್ಕೆ ಒಪ್ಪಿದ. ಮಾಸ್ಕ್ ಹಾಕಿ ಗಾಳಿ ಬಿಟ್ಟ ಕೂಡಲೇ ಉಸಿರು ಸರಿಯಾಯ್ತು. ವರ್ಷಗಟ್ಟಲೆ ನಿದ್ದೆ ಸಿಗದ ದೇಹ ನೇರ ಆಳದ ನಿದ್ದೆಗೆ ಹೋಯ್ತು. 1981ರಲ್ಲಿ ಐದು ರೋಗಿಗಳ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬೇಕಾದ ಒತ್ತಡ ನೀರಿನ ಲೆಕ್ಕದಲ್ಲಿ 4.5ರಿಂದ 10 ಸೆಂ.ಮೀ.

ಅದು ಎಷ್ಟು ಅಂತ ಗೊತ್ತಾಗ್ಬೇಕಾ? ದೊಡ್ಡ ಲೋಟ ನೀರಿಗೆ ಸ್ಟ್ರಾ 10 ಸೆಂ.ಮೀ. ಇಳಿಸಿ ಗುಳ್ಳೆ ಬರುವ ಹಾಗೆ ಊದಿ. ಅಷ್ಟೇ ಒತ್ತಡ! ಕುತ್ತಿಗೆಯ ತೂತಿನ ಬದಲು ಅಷ್ಟು ಸಾಕಾಯ್ತು.

5/8
ಇಲ್ಲಿಗೆ ಶುಭಂ ಅಂತ ಹಾಕುವ ಹಾಗಿಲ್ಲ. ಯಾಕೆಂದ್ರೆ ಮೆಷಿನ್ ಕಂಡುಹಿಡಿದದ್ದು ಅರ್ಧ ಕಥೆ. ಅದನ್ನು ಹಾಕ್ಕೊಂಡು ಮಲಗುವುದು ಇನ್ನರ್ಧ.

ಮೊದಮೊದಲು ಪ್ರತಿಯೊಬ್ಬರ ಮೂಗಿಗೂ ಅಚ್ಚು ತೆಗೆದು ಮಾಸ್ಕ್ ಮಾಡ್ತಿದ್ರು. ಅದನ್ನು ದಿನಾ ರಾತ್ರಿ ಸಿಲಿಕೋನ್ ಅಂಟು ಹಚ್ಚಿ ಮುಖಕ್ಕೆ ಅಂಟಿಸ್ಬೇಕಿತ್ತು. ಮೋಟರಿನ ಗಲಾಟೆ ಬೇರೆ. 1980ರ ದಶಕದ ಮಧ್ಯದ ಹೊತ್ತಿಗೆ ಅಂಗಡಿಯಲ್ಲಿ ಸಿಗುವ ಮೆಷಿನ್ ಬಂತು. ಮುಂದೆ ಒಂದೊಂದು ದೂರಿಗೆ ಒಂದೊಂದು ಉತ್ತರ ಸೇರಿತು. ಮೂಗು ಒಣಗ್ತದೆ ಅಂದ್ರು, ಬಿಸಿ ನೀರಿನ ಹ್ಯುಮಿಡಿಫೈಯರ್ ಬಂತು. ಗಾಳಿ ಒಮ್ಮೆಲೇ ನುಗ್ತದೆ ಅಂದ್ರು, ನಿಧಾನಕ್ಕೆ ಏರುವ ರ್‍ಯಾಂಪ್ ಬಂತು. ಮುಖ ಇಡೀ ಮುಚ್ತದೆ ಅಂದ್ರು, ಮೂಗಿನ ತುದಿಗೆ ಮಾತ್ರ ಕೂರುವ ಪುಟ್ಟ ದಿಂಬುಗಳು ಬಂದವು.

ಇಷ್ಟೆಲ್ಲ ಬಂದ ಮೇಲೂ ಅಪ್ಪನ ಮೊದಲ ರಾತ್ರಿ ಹೇಗಿತ್ತು ಗೊತ್ತಾ? ಅಮ್ಮ ನೋಡಿ, 'ಸೊಂಡಿಲು ಬಂತಲ್ಲ ನಿಮ್ಗೆ, ಗಣಪತಿ ಹಾಗೆ ಕಾಣ್ತೀರಿ' ಅಂದ್ರು. ಅಪ್ಪ ನಗ್ಲಿಲ್ಲ. ಉಸಿರು ಹೊರಗೆ ಬಿಡ್ಲಿಕ್ಕೇ ಆಗುದಿಲ್ಲ ಅಂದ್ರು. ಮಳೆಗಾಲ ಬೇರೆ. ತಣ್ಣಗಿನ ಪೈಪಿನಲ್ಲಿ ಹ್ಯುಮಿಡಿಫೈಯರ್ ಹಬೆ ನೀರಾಗಿ ಮೂಗಿಗೆ ತೊಟ್ಟಿಕ್ಕಿತು. ನಡುರಾತ್ರಿ ಕರೆಂಟ್ ಹೋಯ್ತು. ಇನ್ವರ್ಟರ್ ಲೈನ್ ಆ ರೂಮಿಗೆ ಇರಲಿಲ್ಲ!

6/8
ಒಂದು ವಾರ ಕಳೆದು ಕೇಳಿದೆ, 'ಹೇಗೆ ಉಂಟಪ್ಪಾ?'
'ರಾತ್ರಿ ಇಡೀ ಹಾಕಿದ್ದೆ' ಅಂದ್ರು.
ಮೆಷಿನ್ ಸ್ಕ್ರೀನ್ ನೋಡಿದೆ: 2 ಗಂಟೆ 10 ನಿಮಿಷ.

ಸಿಟ್ಟು ಬಂತು. ಜೋರು ಮಾಡಿದೆ ಕೂಡ. ಆಮೇಲೆ ಒಂದು ಹಳೆ ಅಧ್ಯಯನ ಓದಿ ನಾಚಿಕೆ ಆಯ್ತು.

1993ರಲ್ಲಿ ಅಮೆರಿಕದಲ್ಲಿ ಕ್ರಿಬ್ಸ್ ಮತ್ತು ಜೊತೆಯವರು 35 ರೋಗಿಗಳ ಮೆಷಿನ್ ಒಳಗೆ ಮೀಟರ್ ಇಟ್ಟು ನೋಡಿದ್ರು. 60% ಜನ 'ದಿನಾ ಹಾಕ್ತೇವೆ' ಅಂದ್ರು. 70% ದಿನಗಳಲ್ಲಿ ಕನಿಷ್ಠ 4 ಗಂಟೆ ಹಾಕಿದವರು 35ರಲ್ಲಿ 16 ಮಂದಿ ಮಾತ್ರ. ಸರಾಸರಿ ನೋಡಿದ್ರೆ ಜನ ಹೇಳಿದ್ದು ನಿಜಕ್ಕಿಂತ 69 ನಿಮಿಷ ಜಾಸ್ತಿ.

ಎಲ್ಲರೂ ಸುಳ್ಳುಗಾರರಾ? ನನಗೆ ಹಾಗೆ ಕಾಣುದಿಲ್ಲ. ನಿದ್ದೆಗಣ್ಣಲ್ಲಿ ಮಾಸ್ಕ್ ಕಿತ್ತು ಪಕ್ಕಕ್ಕಿಟ್ಟು, ಬೆಳಿಗ್ಗೆ ನೆನಪೇ ಇಲ್ಲದವರು ಬೇಕಾದಷ್ಟು ಜನ. ಉಸಿರು ನಿಂತದ್ದೇ ಗೊತ್ತಾಗದ ಮನುಷ್ಯನಿಗೆ ಮಾಸ್ಕ್ ತೆಗೆದದ್ದು ಹೇಗೆ ಗೊತ್ತಾಗ್ಬೇಕು?

7/8
ಈಗ ಮುಖ್ಯ ವಿಷಯ. ಆ '4 ಗಂಟೆ, 70%' ಅನ್ನುವ ಅಳತೆ ಮುಂದೆ ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ ನಿಯಮದಲ್ಲೂ ಬಂತು. ಈಗ ಎಲ್ಲಿ ನೋಡಿದ್ರೂ ಅದೇ ನಂಬರ್. ಅಪ್ಪನಿಗೂ ಯಾರೋ ಹೇಳಿದ್ರು, 'ನಾಲ್ಕು ಗಂಟೆ ಆದ್ರೆ ಸಾಕು.'

ಸಾಕಾ? ನಮ್ಗೆ ಎಕ್ಸಾಮಲ್ಲಿ 35 ಬಂದ್ರೆ ಪಾಸ್. ಹಾಗಂತ 35 ಬಂದವನಿಗೆ ಸಬ್ಜೆಕ್ಟ್ ಬರ್ತದೆ ಅಂತ ಅಲ್ಲ, ಅಲ್ವಾ?

ರೆಮ್ ನೆನಪುಂಟಾ? ರೆಮ್ ನಿದ್ದೆ ಜಾಸ್ತಿ ಬರುವುದು ರಾತ್ರಿಯ ಕೊನೆ ಭಾಗದಲ್ಲಿ, ಬೆಳಗಿನ ಜಾವದ ಕಡೆಗೆ. ಆಗ ಸ್ನಾಯುಗಳು ಅತ್ಯಂತ ಸಡಿಲ. ತುಂಬಾ ಜನರಲ್ಲಿ ಉಸಿರು ನಿಲ್ಲುವುದೂ ಆಗಲೇ ಹೆಚ್ಚು. ಹತ್ತಕ್ಕೆ ಮಾಸ್ಕ್ ಹಾಕಿ ಎರಡಕ್ಕೆ ತೆಗೆದವರು, ಜೋರು ಮಳೆ ಶುರುವಾಗುವ ಮೊದಲೇ ಕೊಡೆ ಮಡಚಿದ ಹಾಗೆ.

2007ರಲ್ಲಿ ವೀವರ್ ತಂಡ ಇದನ್ನೇ ಅಳೆಯಿತು. 'ನಿದ್ದೆ ತೂಗುದಿಲ್ಲ' ಅಂತ ರೋಗಿಗೆ ತನಗೇ ಅನ್ನಿಸ್ಲಿಕ್ಕೆ 4 ಗಂಟೆ. ಪರೀಕ್ಷೆಯಲ್ಲಿ ನಿಜವಾಗಿ ಎಚ್ಚರ ಕಾಣ್ಲಿಕ್ಕೆ 6. ದಿನದ ಕೆಲಸ ಸಾಮಾನ್ಯರ ಹಾಗೆ ಆಗ್ಲಿಕ್ಕೆ 7.5. ಅದಕ್ಕಿಂತ ಜಾಸ್ತಿ ಹಾಕಿದ್ರೆ ಇನ್ನಷ್ಟು ಸುಧಾರಿಸುವ ಸಾಧ್ಯತೆ ಕಮ್ಮಿ ಅನ್ನುವ ಗಡಿಗಳು ಇವು. 4 ಮತ್ತು 6ರ ನಡುವಿನ ವ್ಯತ್ಯಾಸವೇ ನನ್ನ ಹೆದರಿಕೆ. 'ನಾನು ಸರಿ ಇದ್ದೇನೆ' ಅಂತ ಅನ್ನಿಸ್ತದೆ, ಆದ್ರೆ ಹಿರಿಯಡ್ಕದ ತಿರುವಿಗೆ ಅಷ್ಟು ಸಾಕಾಗುದಿಲ್ಲ.

8/8
ಮತ್ತೆ ಎಂತ ಮಾಡಿದ್ದು? ಜೋರು ಮಾಡುವುದು ಬಿಟ್ಟೆ. ನಮ್ಮೂರಿನ ಪಿಗ್ಮಿ ನೆನಪಾಯ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಾದ್ರೂ ತಗೊಂಡು ಹೋಗ್ತಿದ್ರು. ದೊಡ್ಡ ಮೊತ್ತ ಕೇಳಿದ್ರೆ ಯಾರೂ ಕೊಡ್ತಿರಲಿಲ್ಲ, ದಿನಾ ಸ್ವಲ್ಪ ಅಂದದ್ದಕ್ಕೆ ಕೂಡಿತು.

ಅಪ್ಪನ ನಿದ್ದೆಗೂ ಪಿಗ್ಮಿ ಪಾಸ್‌ಬುಕ್ ಮಾಡಿದ್ವಿ. ಮೊದಲು ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಮಾಸ್ಕ್ ಅಭ್ಯಾಸ. ಮಾಸ್ಕ್ ಲೀಕ್ ಆಗ್ತಿತ್ತು, ಸೈಜ್ ಬದಲಾಯಿಸಿದ್ರು. ಒತ್ತಡ ಡಾಕ್ಟರ್ ಸರಿ ಮಾಡಿದ್ರು (ನಾವೇ ಮುಟ್ಟುವ ವಿಷಯ ಅಲ್ಲ ಅದು). ಪೈಪಿಗೆ ಅಮ್ಮ ಹಳೆ ಸೀರೆಯ ಬಟ್ಟೆ ಹೊಲಿದು ಸುತ್ತಿದ್ರು, ನೀರು ತೊಟ್ಟಿಕ್ಕುವುದು ಕಮ್ಮಿ ಆಯ್ತು. ಇನ್ವರ್ಟರ್ ಲೈನ್ ಎಳೆಸಿದೆವು. ರಾತ್ರಿ ಎಚ್ಚರ ಆದ್ರೆ ಸಿಟ್ಟು ಮಾಡದೆ ಮತ್ತೆ ಹಾಕುವುದು, ಅಷ್ಟೇ ನಿಯಮ. ಬೆಳಿಗ್ಗೆ ಅಪ್ಪನೇ ಪುಸ್ತಕದಲ್ಲಿ ಬರೀತಾರೆ: 2.10, 2.40, 3.15...

ಡಾಕ್ಟರ್ ಸರಿ ಅನ್ನುವ ತನಕ ಟೆಂಪೋ ಅಂಗಳದಲ್ಲೇ ನಿಂತಿತ್ತು. ಆ ತಿಂಗಳುಗಳಲ್ಲಿ ಮನೆ ಖರ್ಚು ಹೇಗೆ ನಡೆಯಿತು ಅಂತ ಅಮ್ಮನಿಗೆ ಗೊತ್ತು. ನಾಲ್ಕನೇ ತಿಂಗಳಲ್ಲಿ ಒಂದು ದಿನ 6.40 ಬಂತು. ಈಗಲೂ ಕೆಲವು ರಾತ್ರಿ 3ಕ್ಕೆ ನಿಲ್ತದೆ, ಅದನ್ನೂ ಬರೀತಾರೆ. ಮೊನ್ನೆ ಕಾರ್ಕಳಕ್ಕೆ ಹೋಗಿ ಬಂದು ಹೇಳಿದ್ರು, 'ಹಿರಿಯಡ್ಕದ ಹತ್ತಿರ ರಸ್ತೆ ಬದಿ ಹೊಸ ಹೋಟ್ಲು ಆಗಿದೆ ಮಾರಾಯ, ಮೊದಲು ನೋಡಿರಲೇ ಇಲ್ಲ.' ನಾನು ನೋಡಿದ್ದೆ. ಅದು ಎರಡು ವರ್ಷದಿಂದ ಅಲ್ಲೇ ಉಂಟು.

ನಿಮ್ಮನೆಯಲ್ಲಿ ಗೊರಕೆ ನಡುವೆ ಒಮ್ಮೆಲೇ ನಿಂತು, ಆಮೇಲೆ 'ಘರ್' ಅಂತ ಉಸಿರು ಬರುವವರು ಇದ್ದಾರಾ? ನಗಬೇಡಿ. ಇವತ್ತು ರಾತ್ರಿ ಫೋನಲ್ಲಿ ರೆಕಾರ್ಡ್ ಮಾಡಿ ಡಾಕ್ಟರಿಗೆ ಕೇಳಿಸಿ. ಮೆಷಿನ್ ಈಗಾಗಲೇ ಇದ್ರೆ ನಾಳೆ ಬೆಳಿಗ್ಗೆ ಸ್ಕ್ರೀನ್ ನೋಡಿ, ಆದ್ರೆ ನನ್ನ ಹಾಗೆ ಜೋರು ಮಾಡ್ಬೇಡಿ. ಸೇವ್ ಮಾಡಿಡಿ, ಬೇಕಾದವರಿಗೆ ಕಳಿಸಿ.

#ಗೊರಕೆ #ಸಿಪ್ಯಾಪ್ #ನಿದ್ದೆಯಇತಿಹಾಸ #ಮಣಿಪಾಲ #ಉಡುಪಿ