ಚರ್ಚಿನ ಪುಸ್ತಕ, ಕಿಡ್ನಿಯ ಜರಡಿ
ಹಳೇ ಲಾಗ್ ಕೆದಕಿ ಬಗ್ ಹುಡುಕೋ ಕೆಲಸ ನನ್ನದು. ಅದಕ್ಕೇ ಈ ಕಥೆ ಇಷ್ಟ. ಫಿನ್ಲೆಂಡಿನ ಕೆಲವು ಮನೆಗಳಲ್ಲಿ ಹುಟ್ಟಿದ ಕೂಸುಗಳ ಮೈ ಕೆಲವೇ ವಾರಗಳಲ್ಲಿ ಊದಿಕೊಳ್ಳುತ್ತಿತ್ತು. ರಕ್ತದ ಪ್ರೋಟೀನೆಲ್ಲ ಮೂತ್ರದಲ್ಲಿ ಸೋರಿಹೋಗಿ ಅವು ಉಳಿಯುತ್ತಿರಲಿಲ್ಲ. ಅಪ್ಪ ಅಮ್ಮ ಮಾತ್ರ ಗಟ್ಟಿಮುಟ್ಟು!

ರೇಯೊ ನೊರಿಯೊ ಎಂಬ ವೈದ್ಯರು ಇಂಥ 57 ಕುಟುಂಬಗಳ ವಂಶಾವಳಿಯನ್ನು ಚರ್ಚಿನ ದಾಖಲೆಗಳಲ್ಲಿ ಜಾಲಾಡಿದರು. ಇಬ್ಬರಿಂದಲೂ ಕೆಟ್ಟ ಜೀನ್ ಬಂದರಷ್ಟೇ ಈ ಕಾಯಿಲೆ ಅಂತ 1966ರಲ್ಲಿ ತೋರಿಸಿದರು.

ಆ ಜೀನ್ ಸಿಕ್ಕಿದ್ದು 1998ರಲ್ಲಿ, ಕಾರ್ಲ್ ತ್ರಿಗ್ವಾಸನ್ ತಂಡಕ್ಕೆ. ಅದರಿಂದ ತಯಾರಾಗುವ ನೆಫ್ರಿನ್ ಎಂಬ ಪ್ರೋಟೀನು ಕಿಡ್ನಿಯ ಜರಡಿಯ ಕಣ್ಣುಗಳನ್ನು ಹೆಣೆಯುತ್ತದೆ. ಅದಿಲ್ಲದಿದ್ದರೆ ಜರಡಿ ಹರಿದಂತೆಯೇ.

ಈಗ ಇಂಥ ಮಕ್ಕಳನ್ನು ಕಿಡ್ನಿ ಕಸಿ ಮಾಡಿ ಉಳಿಸಿಕೊಳ್ಳುತ್ತಾರೆ. ಆಗ ಎಷ್ಟು ತಾಯಂದಿರು ತಮ್ಮನ್ನೇ ಹಳಿದುಕೊಂಡರೋ! ತಪ್ಪು ಅವರದಲ್ಲ ಅನ್ನೋ ಸಾಕ್ಷಿ ಪಾದ್ರಿಗಳು ಬರೆದಿಟ್ಟ ಹುಟ್ಟು-ಸಾವಿನ ಪುಸ್ತಕದಲ್ಲೇ ಇತ್ತು.