ಜರ್ಮನ್ ಕಲಿತದ್ದು, ಇಂಗ್ಲಿಷಿನ ಕುಲಮೂಲ ತಿಳಿದದ್ದು

ಹರಿಹರದ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಬೋಧಿಸುತ್ತಿದ್ದ ದಿನಗಳವು. ದಾವಣಗೆರೆಯ ಮನೆಯಿಂದ ನಿತ್ಯವೂ 14 ಕಿಲೋಮೀಟರ್ ಬಸ್ಸಿನ ಪ್ರಯಾಣ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆಗಿನ್ನೂ ನಡೆಯುತ್ತಿತ್ತು. ಅಲ್ಲಿನ ಕಾರ್ಮಿಕರ ಮಕ್ಕಳು ನನ್ನ ತರಗತಿಯಲ್ಲಿ ಬಹುಸಂಖ್ಯೆಯಲ್ಲಿದ್ದರು. ಒಂದು ದಿನ ಎಂಟನೆಯ ತರಗತಿಯ ಹುಡುಗನೊಬ್ಬ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತ, ಮಂಡಿ ಎಂಬರ್ಥದ ‘ನೀ’ ಪದವನ್ನು ‘ಕ್ನೀ’ ಎಂದೂ, ತಿಳಿ ಎಂಬರ್ಥದ ‘ನೋ’ ಪದವನ್ನು ‘ಕ್ನೋ’ ಎಂದೂ ಉಚ್ಚರಿಸಿದ. ತರಗತಿ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ತಿದ್ದಿದಾಗ ಆತ, “ಓದೋದಿಲ್ಲ ಅಂದಮೇಲೆ ಆ ‘ಕೆ’ ಅಕ್ಷರ ಯಾಕೆ ಬರೀಬೇಕು ಸಾರ್?” ಎಂದು ಕೇಳಿದ.

ಅದು ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ದೊಡ್ಡತನವೂ ಆಗ ನನ್ನಲ್ಲಿರಲಿಲ್ಲ. “ಇಂಗ್ಲಿಷಿನಲ್ಲಿ ಯಾಕೆ ಎಂದು ಕೇಳಬಾರದು, ಬಾಯಿಪಾಠ ಮಾಡಬೇಕು” ಎಂದು ಗದರಿಸಿ, ಪಾಠ ಮುಗಿಯುವವರೆಗೂ ಅವನನ್ನು ಮಂಡಿಯೂರಿ ನಿಲ್ಲಿಸಿದೆ. ಅಂದಿನಿಂದ ಓರಗೆಯ ಹುಡುಗರು ಅವನನ್ನು ‘ಕ್ನೀ’ ಎಂದೇ ಕರೆಯತೊಡಗಿದರು. ಆಮೇಲೆ ಆತ ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ನಿವೃತ್ತಿಯ ನಂತರ ನಾನು ಜರ್ಮನ್ ಕಲಿಯಲು ಕುಳಿತದ್ದಕ್ಕೆ ಈ ಘಟನೆ ಕಾರಣವಲ್ಲ, ಕಾರಣ ಕಿಟ್ಟೆಲರು. ಸೇವಾವಧಿಯುದ್ದಕ್ಕೂ ಅವರ ನಿಘಂಟನ್ನು ಆಶ್ರಯಿಸಿದ್ದ ನನಗೆ, ನಮ್ಮ ನುಡಿಗಾಗಿ ಅಷ್ಟು ದುಡಿದವರ ತಾಯ್ನುಡಿಯ ನಾಲ್ಕು ಮಾತನ್ನಾದರೂ ಅರಿಯಬೇಕೆಂಬ ಆಸೆಯಿತ್ತು. ಉದ್ಯೋಗಕ್ಕಾಗಿ ಜರ್ಮನಿಗೆ ಹೊರಟಿದ್ದ ಶಿಷ್ಯರೊಬ್ಬರು, ತಾವು ಕಲಿತು ಮುಗಿಸಿದ್ದ ಪ್ರಥಮ ಪಾಠದ ಪುಸ್ತಕವನ್ನು ನನ್ನ ಕೈಗಿತ್ತು ಹೋದರು. ಅರವತ್ತು ದಾಟಿದ ನಾಲಿಗೆ ಹೊರಳಲು ಹಟಮಾಡಿತು. ಆದರೂ ಕೆಲವು ಸಂಗತಿಗಳು ಪರಕೀಯವೆನಿಸಲಿಲ್ಲ. ಜರ್ಮನ್ನಿನಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹುಡುಗಿ ನಪುಂಸಕಲಿಂಗ! ಇದನ್ನು ಕಂಡು ನಗುವವರು, ಸಂಸ್ಕೃತದಲ್ಲಿ ಹೆಂಡತಿಗೆ ‘ಭಾರ್ಯಾ’ ಎಂದರೆ ಸ್ತ್ರೀಲಿಂಗ, ‘ದಾರ’ ಎಂದರೆ ಪುಲ್ಲಿಂಗ, ‘ಕಳತ್ರ’ ಎಂದರೆ ನಪುಂಸಕಲಿಂಗ ಎಂಬುದನ್ನು ನೆನೆಯಬೇಕು. ಇಪ್ಪತ್ತೊಂದನ್ನು ಅವರು ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ; ಸಂಸ್ಕೃತದ ‘ಏಕವಿಂಶತಿ’ಯಲ್ಲಿಯೂ ಒಂದೇ ಮೊದಲು. ಉಪವಾಕ್ಯದಲ್ಲಿ ಕ್ರಿಯಾಪದವು ನಮ್ಮಲ್ಲಿಯಂತೆ ಕೊನೆಗೆ ಬಂದು ಕೂರುತ್ತದೆ.

ದೇಹದ ಅಂಗಾಂಗಗಳ ಪಾಠ ಬಂದಾಗ ನಾನು ಬೆಚ್ಚಿದೆ. ಮಂಡಿಗೆ ಜರ್ಮನ್ ಪದ ‘ಕ್ನೀ’. ಆ ಕಕಾರ ಅಲ್ಲಿ ಮೌನವಲ್ಲ. ಪ್ರತಿಯೊಬ್ಬ ಜರ್ಮನನೂ ಅದನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾನೆ. ನನ್ನ ಹುಡುಗ ಉಚ್ಚರಿಸಿದ್ದೂ ಹಾಗೆಯೇ!

ಪುಸ್ತಕವನ್ನು ಮಡಿಸಿಟ್ಟು, ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಅದು ಯಾರ ಮನೆಯ ಕೂಸೆಂದು ತಿಳಿದದ್ದು ಆಗಲೇ. “ಇಂಗ್ಲಿಷ್ ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆ” ಎಂದು ನಾನು ನಿಮ್ಮಲ್ಲಿ ಅನೇಕರಿಗೆ ಹೇಳಿದ್ದೇನೆ. ಅದು ತಪ್ಪು. ಕನ್ನಡ ಸಂಸ್ಕೃತದಿಂದ ಹುಟ್ಟಿತೆನ್ನುವಂಥದ್ದೇ ತಪ್ಪು.

ಬ್ರಿಟನ್ ದ್ವೀಪದಲ್ಲಿ ಮೊದಲಿದ್ದವರು ಕೆಲ್ಟಿಕ್ ಜನ. ಮೂರೂವರೆ ನೂರಕ್ಕೂ ಮಿಕ್ಕಿದ ವರ್ಷಗಳ ವಿಸ್ತಾರದಲ್ಲಿ ಅವರನ್ನು ರೋಮನ್ನರು ಆಳಿ, ಐದನೆಯ ಶತಮಾನದ ಆರಂಭದಲ್ಲಿ ಹಿಂದಿರುಗಿದರು. ಅದೇ ಶತಮಾನದಲ್ಲಿ (449 ಎಂಬುದು ಸಾಂಪ್ರದಾಯಿಕ ವರ್ಷ) ಇಂದಿನ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕಿನ ಕಡಲತೀರದಿಂದ ಆಂಗ್ಲರು, ಸ್ಯಾಕ್ಸನ್ನರು, ಜೂಟರು ದೋಣಿಯೇರಿ ಬಂದರು. ಅವರ ನುಡಿಯೇ ಇಂಗ್ಲಿಷಿನ ಬೇರು. ಆದ್ದರಿಂದ ಇಂಗ್ಲಿಷೂ ಜರ್ಮನ್ನೂ ಒಂದೇ ಜರ್ಮಾನಿಕ್ ಕುಲದ ದಾಯಾದಿಗಳು. ಮುಂದೆ ಎಂಟನೆಯ ಶತಮಾನದ ಕೊನೆಯಿಂದ ವೈಕಿಂಗರ ದಾಳಿ. ಅವರಿಂದ ‘ಸ್ಕೈ’, ‘ಎಗ್’, ‘ಟೇಕ್’ ಮುಂತಾದ ಪದಗಳು ಬಂದವು. ಆಶ್ಚರ್ಯವೆಂದರೆ ‘ದೇ’ ಎಂಬ ಸರ್ವನಾಮವೂ ಅವರದೇ. ಅನ್ಯರಿಂದ ನಾಮಪದವನ್ನು ಪಡೆಯುವುದು ಸಾಮಾನ್ಯ. ಸರ್ವನಾಮವನ್ನು ಪಡೆಯಬೇಕಾದರೆ ನೆರೆಹೊರೆಯಾಗಿ ಬೆರೆತು ಬಾಳಿರಬೇಕು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಮಾತು ಫ್ರೆಂಚ್ ಆಯಿತು. ಹೊಲದಲ್ಲಿ ದುಡಿಯುವವನಿಗೆ ಎತ್ತು ‘ಆಕ್ಸ್’, ಕುರಿ ‘ಶೀಪ್’, ಹಂದಿ ‘ಸ್ವೈನ್’. ಇವು ಜರ್ಮನ್ನಿನ ‘ಓಕ್ಸ’, ‘ಶಾಫ್’, ‘ಶ್ವೈನ್’ ಪದಗಳ ಸೋದರಗಳು. ಅವೇ ಪ್ರಾಣಿಗಳು ಬೆಂದು ದೊರೆಯ ಊಟದ ಮೇಜಿಗೆ ಬಂದಾಗ ‘ಬೀಫ್’, ‘ಮಟನ್’, ‘ಪೋರ್ಕ್’ ಎಂಬ ಫ್ರೆಂಚ್ ಮೂಲದ ಹೆಸರು ಪಡೆದವು. ‘ಜಡ್ಜ್’, ‘ಕೋರ್ಟ್’, ‘ಪ್ರಿಸನ್’ ಮುಂತಾದ ನ್ಯಾಯಾಲಯದ ಮಾತುಗಳೂ ಹಾಗೆಯೇ ಬಂದವು. ಇದು ನಮಗೆ ಹೊಸತೇ? ದಾವಣಗೆರೆಯ ಯಾವುದೇ ನ್ಯಾಯಾಲಯದ ಮುಂದೆ ನಿಂತು ಕಿವಿಗೊಡಿ: ವಕೀಲ, ಜಾಮೀನು, ತಕರಾರು, ಜಪ್ತಿ. ಎಲ್ಲವೂ ಪಾರಸಿ, ಅರಬಿಗಳಿಂದ ಆಡಳಿತದ ಮೂಲಕ ಬಂದವು. ಹೊಲದ ಉಳುಮೆ, ಬಿತ್ತನೆ, ಕಳೆ, ಸುಗ್ಗಿ ಮಾತ್ರ ಕನ್ನಡವಾಗಿಯೇ ಉಳಿದಿವೆ. ಆಳುವವರು ಬದಲಾದರೆ ಕಚೇರಿಯ ಮಾತು ಬದಲಾಗುತ್ತದೆ, ನೇಗಿಲ ಮಾತು ಬದಲಾಗುವುದಿಲ್ಲ.

ತರುವಾಯ ವಿದ್ವಾಂಸರು ಲ್ಯಾಟಿನ್, ಗ್ರೀಕ್ ಪದಗಳನ್ನು ರಾಶಿರಾಶಿಯಾಗಿ ತಂದು ಸುರಿದರು. ಲ್ಯಾಟಿನ್ನಿನ ಒಂದೇ ಮೂಲಪದ ಫ್ರೆಂಚರ ಬಾಯಲ್ಲಿ ಸವೆದು ‘ಫ್ರೇಲ್’ ಎಂದೂ, ಪುಸ್ತಕದಿಂದ ನೇರವಾಗಿ ‘ಫ್ರ್ಯಾಜೈಲ್’ ಎಂದೂ ಇಂಗ್ಲಿಷಿಗೆ ಎರಡು ಬಾರಿ ಬಂದಿದೆ. ಶಬ್ದಮಣಿದರ್ಪಣ ಓದಿದವರು ಇದನ್ನು ಒಡನೆಯೇ ಗುರುತಿಸುವರು: ಒಂದು ತದ್ಭವ, ಇನ್ನೊಂದು ತತ್ಸಮ. ನಮ್ಮ ‘ಕಜ್ಜ’ ಮತ್ತು ‘ಕಾರ್ಯ’, ‘ಬಿಜ್ಜೆ’ ಮತ್ತು ‘ವಿದ್ಯೆ’ಗಳ ಹಾಗೆ.

ಹೀಗೆ ಇಂದಿನ ಇಂಗ್ಲಿಷ್ ನಿಘಂಟಿನ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಫ್ರೆಂಚ್, ಲ್ಯಾಟಿನ್ ಮೂಲದವು. ಆದರೆ ವ್ಯಾಕರಣದ ಅಸ್ಥಿಪಂಜರ, ತಾಯಿ ತಂದೆ, ಕೈ ಕಾಲು, ನೀರು ಬೆಂಕಿ ಎಂಬ ಬಾಳಿನ ಮಾತುಗಳು ಜರ್ಮಾನಿಕ್. ಇದನ್ನು ಬಗೆಯುವಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುವುದು ಹರಿಹರೇಶ್ವರನ ವಿಗ್ರಹ. 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಆ ಗುಡಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಗುಹಾಸುರನನ್ನು ಒಬ್ಬೊಬ್ಬರೇ ಕೊಲ್ಲಲಾಗದೆ ಇಬ್ಬರೂ ಒಂದೇ ದೇಹವಾದರೆಂದು ಪುರಾಣ. ಇಂಗ್ಲಿಷಿನದೂ ಎರಡು ಮೈ, ಒಂದು ಉಸಿರು.

ಇನ್ನು ಕಕಾರದ ಕಥೆಗೆ ಬರೋಣ. 1786ರ ಫೆಬ್ರುವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳು ಒಂದೇ ಮೂಲದಿಂದ ಒಡೆದು ಬಂದಿರಬೇಕೆಂದು ಸಾರಿದರು. ಜರ್ಮಾನಿಕ್ ನುಡಿಗಳೂ ಅದೇ ಮೂಲದವಾಗಿರಬಹುದೆಂದರು. ಆದರೆ ಆ ಸಂಬಂಧದ ನಿಯಮವೇನು? ಡೆನ್ಮಾರ್ಕಿನ ರಾಸ್ಕ್ 1818ರಲ್ಲಿಯೂ, ಕಿನ್ನರ ಕಥೆಗಳನ್ನು ಸಂಗ್ರಹಿಸಿದ ಸೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ 1822ರಲ್ಲಿಯೂ ಅದನ್ನು ವಿವರಿಸಿದರು. ಮೂಲದ ಪಕಾರ ಜರ್ಮಾನಿಕ್ಕಿನಲ್ಲಿ ಫಕಾರವಾಗುತ್ತದೆ: ಪಿತೃ, ಫಾದರ್, ಪಾದ, ಫುಟ್. ದಕಾರ ಟಕಾರವಾಗುತ್ತದೆ: ದಶ, ಟೆನ್, ದಂತ, ಟೂತ್. ಜರ್ಮನ್ ಮುಂದೆ ಮತ್ತೊಂದು ಹೆಜ್ಜೆಯಿಟ್ಟು ಆ ಟಕಾರವನ್ನು ‘ತ್ಸ’ ಮಾಡಿತು: ತ್ಸೇನ್, ತ್ಸಾನ್. ‘ವಾಟರ್’ ಅಲ್ಲಿ ‘ವಾಸ್ಸರ್’, ‘ಆಪಲ್’ ಅಲ್ಲಿ ‘ಆಪ್ಫೆಲ್’.

ಕನ್ನಡಿಗರಿಗೆ ಇದು ಅರಗದ ಮಾತಲ್ಲ. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು, ಪುಲಿ ಹುಲಿ, ಪಳ್ಳಿ ಹಳ್ಳಿ. ತಮಿಳರು ಇಂದಿಗೂ ‘ಪಾಲ್’ ಎನ್ನುತ್ತಾರೆ. ಒಂದು ಪದ ಬದಲಾದರೆ ಆಕಸ್ಮಿಕ. ಸಾಲುಸಾಲಾಗಿ ಬದಲಾದರೆ ನಿಯಮ.

ಇದೇ ನಿಯಮದಂತೆ ಮೂಲದ ಗಕಾರ ಜರ್ಮಾನಿಕ್ಕಿನಲ್ಲಿ ಕಕಾರವಾಗುತ್ತದೆ. ಸಂಸ್ಕೃತದಲ್ಲಿ ಅದು ಕೆಲವೆಡೆ ಜಕಾರವಾಗಿದೆ. ಮಂಡಿಗೆ ಲ್ಯಾಟಿನ್ನಿನಲ್ಲಿ ‘ಗೆನು’, ಸಂಸ್ಕೃತದಲ್ಲಿ ‘ಜಾನು’, ಜರ್ಮನ್ನಿನಲ್ಲಿ ‘ಕ್ನೀ’. ಹರಿಕಥೆಗಳಲ್ಲಿ ನಾವು ಕೇಳುತ್ತ ಬೆಳೆದ ‘ಆಜಾನುಬಾಹು’ವಿನ ಒಳಗೆ ಕುಳಿತಿರುವುದೂ ಈ ಮಂಡಿಯೇ! ತಿಳಿ ಎಂಬರ್ಥದ ‘ನೋ’ ಪದ ನಮ್ಮ ‘ಜ್ಞಾನ’ದ ‘ಜ್ಞಾ’ ಧಾತುವಿನ ಬಳಗ. ಅಲ್ಲಿ ಬರೆದೂ ಓದದ ‘ಕೆ’ ಎಂದರೆ ನಮ್ಮ ‘ಜ್ಞ’ಕಾರದ ಮೊದಲರ್ಧ. ಇಂಗ್ಲಿಷರೂ ಈ ಕಕಾರವನ್ನು ಶತಮಾನಗಳ ಕಾಲ ಉಚ್ಚರಿಸಿದವರೇ. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಕೂಟ ತಂದಾಗ ಅದು ಜೀವಂತವಾಗಿತ್ತು. ಸುಮಾರು ಹದಿನೇಳನೆಯ ಶತಮಾನದಲ್ಲಿ ನಾಲಿಗೆಯಿಂದ ಜಾರಿತು. ಅಷ್ಟರಲ್ಲಿ ಅಚ್ಚಿನ ಕಾಗುಣಿತ ಗಟ್ಟಿಯಾಗತೊಡಗಿತ್ತು. ‘ನೈಟ್’, ‘ಲೈಟ್’ ಪದಗಳಲ್ಲಿ ಮಕ್ಕಳನ್ನು ಕಾಡುವ ‘ಜಿ’, ‘ಎಚ್’ ಅಕ್ಷರಗಳ ಕಥೆಯೂ ಇದೇ. ಜರ್ಮನ್ನಿನ ‘ನಾಖ್ಟ್’, ‘ಲಿಷ್ಟ್’ಗಳಲ್ಲಿ ಆ ಧ್ವನಿಯ ಸೋದರ ಇನ್ನೂ ಉಸಿರಾಡುತ್ತಿದ್ದಾನೆ. ಇಂಗ್ಲಿಷಿನ ಮೂಕಾಕ್ಷರಗಳಲ್ಲಿ ಬಹಳಷ್ಟು ಹೀಗೆ ಅಳಿದ ಧ್ವನಿಗಳಿಗೆ ನಿಲ್ಲಿಸಿದ ವೀರಗಲ್ಲುಗಳು.

ಪಯಣದ ಕೊನೆಯಲ್ಲಿ ಮತ್ತೆ ಕಿಟ್ಟೆಲರ ಬಳಿಗೇ ಬಂದೆ. ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಉತ್ತರ ಸಮುದ್ರದ ಅಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಇಂಗ್ಲಿಷಿನ ಅತಿ ಸಮೀಪದ ಬಂಧುವಾದ ಫ್ರೀಸಿಯನ್ ನುಡಿಯ ಪ್ರಾಚೀನ ನೆಲೆಯದು. ಬಹುಕಾಲದಿಂದ ಅಲ್ಲಿನ ಹಳ್ಳಿಗರಾಡುವ ತಗ್ಗು ಜರ್ಮನ್ನಿಗೆ ‘ತ್ಸ’ಕಾರದ ಮಾರ್ಪಾಟು ತಟ್ಟಲೇ ಇಲ್ಲ, ನೀರಿಗೆ ಅವರು ಇಂಗ್ಲಿಷರ ಹಾಗೆ ಟಕಾರವಿಟ್ಟೇ ‘ವಾಟರ್’ ಎನ್ನುತ್ತಾರೆ. ಅಂಥ ಕಡಲಂಚಿನಿಂದ ಬಾಸೆಲ್ ಮಿಷನ್ನಿನ ಮೂಲಕ 1853ರಲ್ಲಿ ಬಂದವರು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಅಚ್ಚು ಹಾಕಿಸಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟರು. ಅದನ್ನು ತೆರೆದರೆ ಪಕಾರದ ಹಳೆಯ ರೂಪ, ಹಕಾರದ ಹೊಸ ರೂಪ, ತಮಿಳು, ತೆಲುಗು, ಮಲಯಾಳಂ, ತುಳುಗಳ ಸಮಾನಪದಗಳು ಕಾಣುತ್ತವೆ. ಸಂಸ್ಕೃತವು ದ್ರಾವಿಡ ನುಡಿಗಳಿಂದ ಪಡೆದಿರಬಹುದಾದ ಪದಗಳ ಪಟ್ಟಿಯನ್ನೂ ಅವರು ಪೀಠಿಕೆಯಲ್ಲಿ ಕೊಟ್ಟಿದ್ದಾರೆ. ಕೊಡುವುದು ಒಬ್ಬರು, ಕೊಳ್ಳುವುದು ಮತ್ತೊಬ್ಬರು ಎಂದು ಅವರು ಭಾವಿಸಲಿಲ್ಲ. ನಮ್ಮ ಚನ್ನಗಿರಿಯ ತೋಟದ ಅಡಿಕೆಯನ್ನೇ ನೋಡಿ: ಅದರ ಮಲಯಾಳಂ ರೂಪ ಪೋರ್ಚುಗೀಸರ ಮೂಲಕ ಯುರೋಪಿಗೆ ಹೋಗಿ, ‘ಅರೇಕ’ ಎಂದು ಸಸ್ಯಶಾಸ್ತ್ರದ ಹೆಸರಾಗಿದೆ. ದಾವಣಗೆರೆಯ ದೋಸೆಯ ಮೇಲಿನ ಬೆಣ್ಣೆ ‘ಬೆಳ್’ ಮತ್ತು ‘ನೆಯ್’ ಸೇರಿದ ಅಚ್ಚ ದ್ರಾವಿಡ ಪದ. ಇಂಗ್ಲಿಷರ, ಜರ್ಮನರ ‘ಬಟರ್’ ಮಾತ್ರ ಗ್ರೀಕಿನಿಂದ ಲ್ಯಾಟಿನ್ ಮೂಲಕ ಬಂದ ಎರವಲು!

ಇಷ್ಟೆಲ್ಲ ಬರೆದದ್ದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ನನ್ನ ಜರ್ಮನ್ ಇಂದಿಗೂ ಪ್ರಥಮ ಪಾಠದ ಪುಸ್ತಕವನ್ನು ದಾಟಿಲ್ಲ. ಮನಸ್ಸಿನಲ್ಲಿ ಉಳಿದಿರುವುದು ಆ ಹುಡುಗನೇ. ಆತ ಅಕ್ಷರವನ್ನು ನಂಬಿ ಓದಿದ್ದ. ಬರೆದದ್ದಕ್ಕೆ ಕಾರಣವಿರಬೇಕೆಂದು ತಿಳಿದಿದ್ದ. ಕಾರಣ ನಿಜವಾಗಿಯೂ ಇತ್ತು. ಅದನ್ನು ತಿಳಿಯದೆ ಇದ್ದವನು ಮೇಷ್ಟ್ರು, ಮಂಡಿಯೂರಿ ನಿಂತವನು ಶಿಷ್ಯ.

ಅಂದಿನ ತರಗತಿಯಲ್ಲಿದ್ದವರು ಇದನ್ನು ಓದಿದರೆ ಆತ ಯಾರೆಂದು ನಿಮಗೆ ನೆನಪಾಗುತ್ತದೆ. ಎಲ್ಲಿದ್ದಾನೋ ನನಗೆ ತಿಳಿಯದು. ಕಂಡರೆ ಒಂದು ಮಾತು ಮುಟ್ಟಿಸಿ: ಮೇಷ್ಟ್ರಿಗೆ ಉತ್ತರ ತಡವಾಗಿ ಸಿಕ್ಕಿತು, ಅವನ ಉಚ್ಚಾರಣೆ ಮುನ್ನೂರು ವರ್ಷ ಹಳೆಯದಾಗಿತ್ತೇ ಹೊರತು ತಪ್ಪಾಗಿರಲಿಲ್ಲ. ಅವನ ಮನೆಯಲ್ಲಿ ಮಕ್ಕಳಿದ್ದು ಅವರೂ ಹಾಗೆಯೇ ಕೇಳಿದರೆ, ಈ ಬರಹವನ್ನು ಅವರಿಗೆ ಓದಿ ಹೇಳಲಿ.